ಗೋಣಿಚೀಲದ ಬೆಕ್ಕು ಇಲಿ ಕಾಯುವುದಿಲ್ಲ

ಸೇಲಂನ ಲೀ ಬಜಾರಿನಂಥ ಧಾನ್ಯದ ಮಂಡಿಗಳಲ್ಲಿ, ಪಾಳುಬಿದ್ದ ಕಟ್ಟಡಗಳಲ್ಲಿ ಹುಟ್ಟಿ ಬೆಳೆದ ಬೆಕ್ಕು ಮನುಷ್ಯರ ಕೈಗೆ ಸಿಗುವುದಿಲ್ಲ. ಹುಟ್ಟಿದ ಮೊದಲ ಏಳೆಂಟು ವಾರಗಳಲ್ಲಿ ಮನುಷ್ಯರ ಒಡನಾಟ ಸಿಗದಿದ್ದರೆ ಆಮೇಲೆ ಅದು ಮಡಿಲಿಗೆ ಬರುವುದು ಬಲು ಅಪರೂಪ. ಕಟ್ಟಡ ಒಡೆಯುವ ದಿನ ಬಂದಾಗ ಇಂಥ ಬೆಕ್ಕುಗಳಿಗೆ ನಮ್ಮ ಜನ ಕಂಡುಕೊಂಡ ಉಪಾಯ ಹಳೆಯದು: ಗೋಣಿಚೀಲಕ್ಕೆ ತುಂಬಿ, ದಾರಿ ತಿಳಿಯದಂತೆ ಬಾಯಿ ಕಟ್ಟಿ, ದೂರದ ಹೊಲದ ಬದುವಿನಲ್ಲಿ ಬಿಟ್ಟು ಬರುವುದು. ಹಳ್ಳಿಯಲ್ಲಿ ಇಲಿಗೇನು ಬರವೇ ಎಂಬ ಸಮಾಧಾನ ಬೇರೆ. ಆದರೆ ಬೆಕ್ಕು ಜನರಿಗಿಂತ ಜಾಗಕ್ಕೆ ಅಂಟಿಕೊಳ್ಳುವ ಪ್ರಾಣಿ. ಚೀಲ ಬಿಚ್ಚಿದ ಕ್ಷಣವೇ ಹಳೆಯ ನೆಲೆ ಹುಡುಕಿಕೊಂಡು ಓಡುತ್ತದೆ; ರಸ್ತೆಯಲ್ಲೋ ನಾಯಿಗಳ ಬಾಯಲ್ಲೋ ಅದರ ಕಥೆ ಮುಗಿಯುವುದೇ ಹೆಚ್ಚು. ಹಸಿವು ಬಾಯಾರಿಕೆಯಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ಪಾಲಕ್ಕೋಡು, ಪೆನ್ನಾಗರಂ ಕಡೆಯ ರಾಗಿ ಬೆಳೆಯುವ ಮನೆಗಳಲ್ಲಿ ದನದ ಕೊಟ್ಟಿಗೆ, ಹುಲ್ಲಿನ ಬಣವೆ, ರಾಗಿ ಮೂಟೆ ಇದ್ದಲ್ಲಿ ಇಲಿಕಾಟ ತಪ್ಪಿದ್ದಲ್ಲ. ಇಂಥ ಮನೆಗೆ ಮಂಡಿಯ ಬೆಕ್ಕು ಉಪಕಾರಿಯಾಗಬಲ್ಲದು, ಅದನ್ನು ಅಲ್ಲಿ ನೆಲೆಗೊಳಿಸುವ ತಾಳ್ಮೆ ಇದ್ದರೆ. ಮೊದಲು ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ಲಸಿಕೆ ಆಗಬೇಕು. ಬಳಿಕ ಒಂದೇ ಗುಂಪಿನ ಎರಡು ಬೆಕ್ಕುಗಳನ್ನು ಜೊತೆಯಾಗಿ ತಂದು, ಕೊಟ್ಟಿಗೆಯ ಮೂಲೆಯಲ್ಲಿ ಜಾಲರಿ ಹಾಕಿದ ಗೂಡಿನಲ್ಲಿ ಎರಡರಿಂದ ನಾಲ್ಕು ವಾರ ಇಡಬೇಕು. ಒಳಗೆ ಅಡಗಲು ಒಂದು ಪೆಟ್ಟಿಗೆ, ಮಲಮೂತ್ರಕ್ಕೆ ಮಣ್ಣು ತುಂಬಿದ ತಟ್ಟೆ, ನೀರು. ದಿನವೂ ಅದೇ ಹೊತ್ತಿಗೆ ತಟ್ಟೆ ಬಡಿದು ಮೀನು ಕಲಸಿದ ಅನ್ನ. ಮೊದಲ ರಾತ್ರಿಗಳಲ್ಲಿ ಅವು ಜಾಲರಿಗೆ ಎಗರುತ್ತವೆ, ಅರಚುತ್ತವೆ. ಪಾಪವೆಂದು ಬಾಗಿಲು ತೆಗೆದರೆ ಕೆಟ್ಟಿತು. ದನದ ವಾಸನೆ, ಹಾಲು ಕರೆಯುವ ಸದ್ದು, ತಟ್ಟೆಯ ಸದ್ದು ಇವೆಲ್ಲ ಮೈಗೆ ಒಗ್ಗುವವರೆಗೂ ಕಾಯಲೇಬೇಕು.

ತಿನ್ನಿಸಿದ ಬೆಕ್ಕು ಬೇಟೆ ಬಿಡುತ್ತದೆ ಎಂಬುದು ರೈತರ ಮೊದಲ ಆಕ್ಷೇಪ. ಇಂಗ್ಲೆಂಡಿನ ಹೊಲಮನೆಗಳಲ್ಲಿ ಇದನ್ನೇ ಗಮನಿಸಿದ ಜೀವವಿಜ್ಞಾನಿ ಚಾರ್ಲ್ಸ್ ಎಲ್ಟನ್ 1953ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯೇ ಹೇಳುತ್ತದೆ. ಇಲಿಗಳನ್ನು ಒಮ್ಮೆ ತೊಲಗಿಸಿದ ಮೇಲೆ ಬೆಕ್ಕುಗಳು ಅವು ಮತ್ತೆ ಸೇರದಂತೆ ತಡೆದವು. ಹಾಲು ಸಿಗುತ್ತಿದ್ದುದರಿಂದಲೇ ಅವು ಮನೆಯ ಸುತ್ತ ಉಳಿದವು. ಹಾಗೆಂದು ಪವಾಡ ನಿರೀಕ್ಷಿಸಬಾರದು. ನ್ಯೂಯಾರ್ಕಿನ ಕಸ ಸಂಸ್ಕರಣಾ ಘಟಕವೊಂದರಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 79 ದಿನಗಳಲ್ಲಿ ಬೆಕ್ಕುಗಳು ಕೊಂದದ್ದು ಎರಡೇ ದೊಡ್ಡ ಇಲಿಗಳನ್ನು. ಸುಂಡಿಲಿ, ಮರಿ ಇಲಿ ಬೆಕ್ಕಿನ ಪಾಲು. ಕೊಬ್ಬಿದ ಹೆಗ್ಗಣದ ತಂಟೆಗೆ ಅದು ಹೋಗುವುದು ಕಡಿಮೆ. ಹೆಗ್ಗಣಕ್ಕೆ ಬೋನು ಇಡಬೇಕು, ಬಿಲ ಮುಚ್ಚಬೇಕು. ಬೆಕ್ಕು ಬಂದ ಮೇಲೆ ಪಾಷಾಣ ಇಡುವುದಂತೂ ಸಲ್ಲದು, ವಿಷ ತಿಂದ ಇಲಿಯನ್ನು ತಿಂದು ಬೆಕ್ಕೂ ಸಾಯಬಹುದು.

ಕೋಳಿಮರಿ ಹಿಡಿಯುತ್ತದೆಂಬ ದೂರು ನಿಜ. ಮರಿಗಳಿಗೆ ಮುಚ್ಚಿದ ಗೂಡು ಬೇಕು. ಸೇಲಂ ಜಿಲ್ಲೆಯ ಸಬ್ಬಕ್ಕಿ ಕಾರ್ಖಾನೆಗಳು ಬೆಕ್ಕು ಕೇಳಿದರೆ ಕೊಡಬಾರದು. ಅಂಗಳದಲ್ಲಿ ಹರಡಿ ಒಣಗಿಸುವ ಆಹಾರದ ಮೇಲೆ ಯಾವ ಪ್ರಾಣಿಯೂ ಓಡಾಡಕೂಡದು. ಹಕ್ಕಿ, ಹಲ್ಲಿ, ಓತಿಕ್ಯಾತಗಳನ್ನೂ ಬೆಕ್ಕು ಬಿಡುವುದಿಲ್ಲ ಎಂಬ ಪರಿಸರವಾದಿಗಳ ಮಾತಿಗೆ ನನ್ನ ಬಳಿ ಪೂರ್ಣ ಉತ್ತರವಿಲ್ಲ. ಶಸ್ತ್ರಚಿಕಿತ್ಸೆಯಾದ ಎರಡು ಬೆಕ್ಕು ಎರಡಾಗಿಯೇ ಉಳಿಯುತ್ತವೆ ಎನ್ನಬಹುದು ಅಷ್ಟೆ. ಆದ್ದರಿಂದ ಕಾವೇರಿ ದಂಡೆಯ ಕಾಡಂಚು, ಯೇರ್ಕಾಡಿನ ಇಳಿಜಾರಿನ ತೋಟಗಳನ್ನು ಈ ಲೆಕ್ಕದಿಂದ ಹೊರಗಿಡಬೇಕು. ಖರ್ಚಿನ ಪ್ರಶ್ನೆಯೂ ಇದೆ. ಗೂಡು, ಶಸ್ತ್ರಚಿಕಿತ್ಸೆ, ತಿಂಗಳ ಆಹಾರದ ಖರ್ಚು ರೈತನ ತಲೆಗೆ ಬೀಳಬಾರದು. ಕಟ್ಟಡ ಒಡೆಯುವವರ ಗುತ್ತಿಗೆಯಲ್ಲೇ ಅದು ಸೇರಲಿ. ಕಟ್ಟಡ ಉಳಿಯುವುದಾದರೆ, ಇಲ್ಲವೇ ದಿನವೂ ಅನ್ನ ಹಾಕುವ ಕೈ ಆ ಕೊಟ್ಟಿಗೆಯಲ್ಲಿ ಇಲ್ಲವೆಂದರೆ, ಚಿಕಿತ್ಸೆ ಮಾಡಿಸಿ ಅದೇ ಮಂಡಿಯಲ್ಲೋ ಅದರ ಪಕ್ಕದ ಓಣಿಯಲ್ಲೋ ಬಿಡುವುದೇ ಮೇಲು.