ಯಾರ ಮೇಲೆ ಫೋಕಸ್ ಅಂತ ಕ್ಯಾಮೆರಾ ತೀರ್ಮಾನ ಮಾಡೋದು ಬೇಡ

ಬಯಲಾಟ ಮುಗಿದ ಮರುದಿನ ವಾಟ್ಸಾಪ್ ಸ್ಟೇಟಸ್ ತೆರೆದರೆ ನಮ್ಮ ಅಜೆಕಾರು ಕಡೆಯ ಅರ್ಧ ಊರು ರಾತ್ರಿ ಅಲ್ಲೇ ಇತ್ತು ಅಂತ ಗೊತ್ತಾಗ್ತದೆ. ಫೋಟೋಗಳು ಬೇಕಾದಷ್ಟು. ಆದರೆ ಒಂದೊಂದನ್ನೂ ಸ್ವಲ್ಪ ದೊಡ್ಡದು ಮಾಡಿ ನೋಡಿ. ಎದುರಿನ ಕುರ್ಚಿಯ ಅಜ್ಜನ ಮಫ್ಲರ್ ನೂಲು ನೂಲಾಗಿ ಕಾಣ್ತದೆ, ಮೈಕ್ ಕಟ್ಟಿದ ವಯರಿನ ಗಂಟು ಕೂಡ ಸ್ಪಷ್ಟ. ದೇವಿಯ ಮುಖ ಮಾತ್ರ ಮಬ್ಬು. ಮೂರು ಗಂಟೆ ಕೂತು ಬಣ್ಣ ಹಚ್ಚಿಕೊಂಡವರಿಗೆ ಇದು ನ್ಯಾಯವಾ?

ಇದಕ್ಕೆ ಕ್ಯಾಮೆರಾವನ್ನು ಬೈಯುವುದು ಸುಲಭ. "ಹಳೇ ಮಾಡೆಲ್ ಮಾರಾಯ, ಲೆನ್ಸ್ ಸರಿ ಇಲ್ಲ" ಅಂತ ಹೇಳಿ ಮುಗಿಸುತ್ತೇವೆ. ನಮ್ಮ ಅಭಿಪ್ರಾಯ ಬೇರೆ. ಕ್ಯಾಮೆರಾ ತನ್ನ ಕೆಲಸ ಸರಿಯಾಗಿಯೇ ಮಾಡಿದೆ. ಯಾರನ್ನು ನೋಡಬೇಕು ಅಂತ ಅದಕ್ಕೆ ಯಾರೂ ಹೇಳಿಲ್ಲ, ಅಷ್ಟೆ. ಪೆಟ್ಟಿಗೆಯಿಂದ ತೆಗೆದು ಹಸಿರು ಆಟೋದಲ್ಲಿ ಇಟ್ಟ ಕ್ಯಾಮೆರಾದಲ್ಲಿ ಫೋಕಸ್ ಪಾಯಿಂಟನ್ನು ಕ್ಯಾಮೆರಾವೇ ಆರಿಸುತ್ತದೆ. ನಿಕಾನ್‌ನವರು ಇದಕ್ಕೆ ಆಟೋ ಏರಿಯಾ ಅಂತಾರೆ, ಕ್ಯಾನನ್‌ನವರು ಆಟೋಮ್ಯಾಟಿಕ್ ಸೆಲೆಕ್ಷನ್ ಅಂತಾರೆ. ಎರಡೂ ಹೆಚ್ಚಾಗಿ ಮಾಡುವುದು ಒಂದೇ: ಹತ್ತಿರ ಇರುವುದು ಯಾವುದು, ಅದರಲ್ಲಿ ಗೆರೆ ಸ್ಪಷ್ಟ ಇರುವುದು ಯಾವುದು ಅಂತ ಹುಡುಕಿ ಅಲ್ಲಿ ನಿಲ್ಲುವುದು. ಅಜ್ಜನ ಮಫ್ಲರ್ ಹತ್ತಿರ ಇತ್ತು, ಗೆರೆಯೂ ಇತ್ತು. ಅಲ್ಲಿಗೆ ಅದರ ಮಟ್ಟಿಗೆ ಕೆಲಸ ಮುಗಿಯಿತು.

ಒಳಗೆ ಏನಾಗ್ತದೆ ಅಂತ ಒಮ್ಮೆ ತಿಳಿದರೆ ಮತ್ತೆ ಮರೆಯುವುದಿಲ್ಲ. ಡಿಎಸ್‌ಎಲ್‌ಆರ್‌ನಲ್ಲಿ ಕನ್ನಡಿಯ ಕೆಳಗೆ ಫೋಕಸ್‌ಗಾಗಿಯೇ ಬೇರೆ ಸೆನ್ಸರ್ ಉಂಟು. ಲೆನ್ಸಿನ ಎರಡು ಅಂಚುಗಳಿಂದ ಬರುವ ಬೆಳಕನ್ನು ಅದು ಎರಡು ಚಿತ್ರಗಳಾಗಿ ತೆಗೆದುಕೊಂಡು ಒಂದರ ಪಕ್ಕ ಒಂದು ಇಟ್ಟು ಹೋಲಿಸುತ್ತದೆ. ಎರಡರ ಮಧ್ಯೆ ಎಷ್ಟು ಅಂತರ ಅಂತ ನೋಡಿ, ಲೆನ್ಸ್ ಯಾವ ಕಡೆಗೆ ಎಷ್ಟು ತಿರುಗಬೇಕು ಅಂತ ಲೆಕ್ಕ ಹಾಕುತ್ತದೆ. ನಮ್ಮ ಎರಡು ಕಣ್ಣು ದೂರ ಅಳೆಯುವ ಹಾಗೆಯೇ ಅನ್ನಿ. ಹೋಲಿಸಲಿಕ್ಕೆ ಗೆರೆ ಬೇಕು. ಬಿಳಿ ಗೋಡೆ, ಮಳೆಗಾಲದ ಮಂಜು, ಒಂದೇ ಬಣ್ಣದ ಸೀರೆ, ಇಂಥ ಕಡೆ ಲೆನ್ಸ್ ಕೊರ್ ಕೊರ್ ಅಂತ ಹಿಂದೆ ಮುಂದೆ ಓಡುವುದು ಅದಕ್ಕೇ. ಇನ್ನೊಂದು ವಿಷಯ: ವಿದ್ಯಾರ್ಥಿಗಳ ಕೈಯಲ್ಲಿ ಜಾಸ್ತಿ ಕಾಣುವ ಕ್ಯಾನನ್ 1500ಡಿಯಲ್ಲಿ ಪಾಯಿಂಟುಗಳು 9, ನಿಕಾನ್ ಡಿ3500ರಲ್ಲಿ 11. ಎರಡರಲ್ಲೂ ಮಧ್ಯದ ಒಂದು ಮಾತ್ರ ಕ್ರಾಸ್ ಟೈಪ್, ಅಂದರೆ ಅಡ್ಡ ಗೆರೆಯನ್ನೂ ಉದ್ದ ಗೆರೆಯನ್ನೂ ಹಿಡಿಯುತ್ತದೆ. ಉಳಿದವು ಒಂದೇ ದಿಕ್ಕಿನದ್ದನ್ನು ಹಿಡಿಯುತ್ತವೆ. ರಾತ್ರಿ ಆಟಕ್ಕೆ ಮಧ್ಯದ ಪಾಯಿಂಟನ್ನೇ ನಂಬಿ ಅಂತ ನಾವು ಎಲ್ಲರಿಗೂ ಹೇಳುವುದು ಇದಕ್ಕೆ.

ಮೋಡ್‌ಗಳ ಹೆಸರುಗಳದ್ದು ದೊಡ್ಡ ತಲೆನೋವು. ಕ್ಯಾನನ್‌ನ ಒನ್ ಶಾಟ್, ನಿಕಾನ್‌ನ ಎಎಫ್‌ಎಸ್ ಎರಡೂ ಒಂದೇ. ಬಟನ್ ಅರ್ಧ ಒತ್ತಿದಾಗ ಫೋಕಸ್ ಆಗಿ ಅಲ್ಲೇ ಬೀಗ ಬೀಳುತ್ತದೆ. ಕ್ಯಾನನ್‌ನ ಎಐ ಸರ್ವೋ, ನಿಕಾನ್‌ನ ಎಎಫ್‌ಸಿ ಎರಡೂ ಒಂದೇ. ಬಟನ್ ಒತ್ತಿ ಹಿಡಿದಷ್ಟು ಹೊತ್ತು ಬೆನ್ನಟ್ಟುತ್ತಲೇ ಇರುತ್ತವೆ. ಮಧ್ಯದಲ್ಲಿ ಎಐ ಫೋಕಸ್, ಎಎಫ್‌ಎ ಅಂತ ಇನ್ನೊಂದುಂಟು, ಚಲನೆ ಇದೆಯೋ ಇಲ್ಲವೋ ಅಂತ ತಾನೇ ಊಹಿಸುವಂಥದ್ದು. ಅದನ್ನು ಮರೆತುಬಿಡಿ. ಕಾಪುವಿನ ಲೈಟ್‌ಹೌಸ್ 1901ರಿಂದ ಬಂಡೆ ಬಿಟ್ಟು ಅಲ್ಲಾಡಿಲ್ಲ, ಕಾರ್ಕಳದ ಬಾಹುಬಲಿ 1432ರಿಂದ ನಿಂತಲ್ಲೇ ನಿಂತಿದ್ದಾನೆ. ಅವರಿಬ್ಬರಿಗೆ ಒನ್ ಶಾಟ್ ಧಾರಾಳ ಸಾಕು. ಓಡುವವರಿಗೆ, ಕುಣಿಯುವವರಿಗೆ ಸರ್ವೋ.

ಓಡುವವರು ಅಂದಾಗ ನಮ್ಮ ಕಡೆಯವರಿಗೆ ಮೊದಲು ನೆನಪಾಗೋದು ಕಂಬಳ. ಆಟೋಫೋಕಸ್‌ಗೆ ಇದಕ್ಕಿಂತ ಕಷ್ಟದ ಪರೀಕ್ಷೆ ಇಲ್ಲ ಅಂತ ನಮ್ಮ ವಾದ. ಯೂಟ್ಯೂಬ್‌ನಲ್ಲಿ ಇಂಗ್ಲಿಷ್‌ನವರು ಹಾರುವ ಹಕ್ಕಿ, ಫುಟ್‌ಬಾಲ್, ಮದುವೆ ತೋರಿಸಿ ಪಾಠ ಮಾಡ್ತಾರೆ. ಮಿಯ್ಯಾರು ಕಂಬಳದ ಮಂಜೊಟ್ಟಿಯಲ್ಲಿ ನಿಂತವನ ಕಷ್ಟ ಅವರಿಗೆ ಏನು ಗೊತ್ತು? ಎರಡು ಕೋಣ, ಹಿಂದೆ ಒಬ್ಬ ಮನುಷ್ಯ, ಸುತ್ತ ಕೆಸರು ನೀರು, ಎಲ್ಲವೂ ನೇರ ನಮ್ಮ ಕಡೆಗೇ ಬರುತ್ತದೆ.

ಲೆಕ್ಕ ಹಾಕಿ ನೋಡೋಣ, ಹೇಗೂ ಇಂಜಿನಿಯರಿಂಗ್ ಓದ್ತಾ ಇದ್ದೇವೆ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು ದೇಶಕ್ಕೆಲ್ಲ ಸುದ್ದಿಯಾಯಿತು. ಭಾಗಿಸಿದರೆ ಸೆಕೆಂಡಿಗೆ ಸುಮಾರು ಹತ್ತೂವರೆ ಮೀಟರ್. 1500ಡಿ ಸೆಕೆಂಡಿಗೆ 3 ಫೋಟೋ ತೆಗೆಯುತ್ತದೆ. ಅಂದರೆ ಒಂದು ಫೋಟೋದಿಂದ ಇನ್ನೊಂದಕ್ಕೆ ಜೋಡಿ ಮೂರೂವರೆ ಮೀಟರ್ ಹತ್ತಿರ ಬಂದಿರುತ್ತದೆ. ಒನ್ ಶಾಟ್‌ನಲ್ಲಿ ಅರ್ಧ ಒತ್ತಿ, ಅರ್ಧ ಸೆಕೆಂಡ್ ಕಾದು ಕ್ಲಿಕ್ ಮಾಡಿದರೆ ಐದು ಮೀಟರ್ ಹೋಯಿತು. ಈಗ ಲೆನ್ಸಿನ ಕಡೆ ಬನ್ನಿ. 200 ಎಂಎಂ, ಎಫ್ 5.6, ಇಪ್ಪತ್ತು ಮೀಟರ್ ದೂರ. ಸ್ಪಷ್ಟವಾಗಿ ಬರುವ ಆಳ ಹೆಚ್ಚುಕಡಿಮೆ ಎರಡು ಮೀಟರ್, ಮುಂದೆ ಒಂದು, ಹಿಂದೆ ಒಂದು. ಕೋಣದ ಮೂಗಿನಿಂದ ಓಡಿಸುವವನ ಮುಖಕ್ಕೆ ಇರುವ ದೂರ ಅದಕ್ಕಿಂತ ಜಾಸ್ತಿ.

ಇಲ್ಲೇ ವಿಷಯ ಇರುವುದು. ಕೋಣದ ಮೂಗಿನ ಮೇಲೆ ಫೋಕಸ್ ಆದರೆ ಮನುಷ್ಯ ಮಬ್ಬಾಗಲೇಬೇಕು. ಅದು ಆಪ್ಟಿಕ್ಸ್, ಯಾರ ತಪ್ಪೂ ಅಲ್ಲ. ಪಾಯಿಂಟ್ ಆಯ್ಕೆಯನ್ನು ಕ್ಯಾಮೆರಾಕ್ಕೆ ಬಿಟ್ಟರೆ ಅದು ಹತ್ತಿರದ್ದನ್ನೇ ಹಿಡಿಯುತ್ತದೆ, ಅಂದರೆ ಕೋಣ, ಇಲ್ಲವಾದರೆ ಎದುರು ಚಿಮ್ಮುವ ನೀರು. ಹಿಂದೆ ಓಡುವವನು ಪ್ರತಿಸಲವೂ ನೆರಳಾಗಿ ಉಳಿಯುತ್ತಾನೆ. ಕೋಣ ಚಂದ ಇಲ್ಲ ಅಂತ ನಾವು ಹೇಳ್ತಿಲ್ಲ. ಮೈಗೆ ಎಣ್ಣೆ ಹಚ್ಚಿ ನಿಲ್ಲಿಸಿದ ಕೋಣಕ್ಕಿಂತ ಚಂದದ್ದು ಕಡಿಮೆ. ಆದರೆ ನೂರು ಫೋಟೋದಲ್ಲಿ ನೂರರಲ್ಲೂ ಕೋಣವೇ ಸ್ಪಷ್ಟ, ಮನುಷ್ಯ ಮಬ್ಬು ಅಂತಾದರೆ ಅದು ಯಾರ ಆಯ್ಕೆ? ಶ್ರೀನಿವಾಸ ಗೌಡರ ಓಟದ ಸುದ್ದಿ ಬಂದ ಅದೇ ತಿಂಗಳು ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿ ಅದಕ್ಕಿಂತ ಒಂದು ಚೂರು ವೇಗವಾಗಿ ಓಡಿದರು. ಬಜಗೋಳಿ ನಮ್ಮ ಕಾರ್ಕಳ ತಾಲೂಕೇ. ಅವರ ಮುಖ ಹೇಗಿದೆ ಅಂತ ಕೇಳಿದರೆ ನಮ್ಮ ಕ್ಲಾಸಿನ ಎಷ್ಟು ಜನ ಹೇಳಬಹುದು?

ಹಾಗಾಗಿ ಸರ್ವೋಗೆ ಹಾಕಿ, ಒಂದೇ ಪಾಯಿಂಟ್ ಆರಿಸಿ, ಅದನ್ನು ಓಡಿಸುವವನ ಎದೆಯ ಮೇಲೋ ಮುಂಡಾಸಿನ ಮೇಲೋ ಇಡಿ. ಡೈನಾಮಿಕ್ ಏರಿಯಾ ಒಳ್ಳೆಯದೇ, ಆದರೆ ಕಂಬಳದಲ್ಲಿ ಅಕ್ಕಪಕ್ಕದ ಪಾಯಿಂಟ್‌ಗಳು ಕೋಣದ ಕೊಂಬಿಗೆ ಹಾರುತ್ತವೆ. ನಿಲ್ಲುವ ಜಾಗ ತುಸು ಓರೆ ಇರಲಿ, ನೇರ ಎದುರು ನಿಂತರೆ ಎರಡು ತಲೆಗಳ ಮಧ್ಯೆ ಮನುಷ್ಯ ಸಿಗುವುದೇ ಇಲ್ಲ. ಕನೆಹಲಗೆಗೆ ಮಾತ್ರ ಬೇರೆ ಉಪಾಯ. ಅಲ್ಲಿ ನೀರು ನಿಶಾನೆ ಬಟ್ಟೆಗೆ ಮುಟ್ಟುವುದೇ ಕಥೆ. ಆ ಬಟ್ಟೆಗೆ ಮೊದಲೇ ಫೋಕಸ್ ಮಾಡಿ, ಲೆನ್ಸಿನ ಬದಿಯ ಸ್ವಿಚ್ಚನ್ನು ಮ್ಯಾನ್ಯುವಲ್‌ಗೆ ತಳ್ಳಿ ಕಾದು ಕೂತುಕೊಳ್ಳಿ. ಆಟೋಫೋಕಸ್ ಗೊತ್ತಿರುವವನಿಗೆ ಅದನ್ನು ಯಾವಾಗ ಆಫ್ ಮಾಡಬೇಕು ಅಂತಲೂ ಗೊತ್ತಿರಬೇಕಲ್ಲ.

ಯಕ್ಷಗಾನದಲ್ಲಿ ವೇಗಕ್ಕಿಂತ ಕತ್ತಲೆಯದ್ದೇ ತೊಂದರೆ, ಜೊತೆಗೆ ವೇಷದ ಹೊಳಪಿನದ್ದು. ಕಿರೀಟದ ಮಿಂಚು ಕ್ಯಾಮೆರಾಕ್ಕೆ ಬಹಳ ಇಷ್ಟ, ಮುಖ ಬಿಟ್ಟು ಅಲ್ಲಿಗೆ ಹೋಗುತ್ತದೆ. ಬಣ್ಣದ ವೇಷವಾದರೆ ಮುಖದಲ್ಲೇ ಚಿಟ್ಟಿಯ ಬಿಳಿ ಮುಳ್ಳುಗಳಿರುತ್ತವೆ, ಕೆಂಪು ಕಪ್ಪಿನ ಮೇಲೆ ಬಿಳಿ. ಇದಕ್ಕಿಂತ ಒಳ್ಳೆ ಗೆರೆ ಯಾವ ಸೆನ್ಸರಿಗೂ ಬೇಡ. ಮಧ್ಯದ ಪಾಯಿಂಟನ್ನು ಕಣ್ಣಿನ ಪಕ್ಕದ ಚಿಟ್ಟಿಯ ಅಂಚಿಗೆ ಇಟ್ಟರೆ ಟ್ಯೂಬ್‌ಲೈಟ್ ಬೆಳಕಲ್ಲೂ ಹಿಡಿಯುತ್ತದೆ. ಸ್ತ್ರೀವೇಷಕ್ಕೆ ಹುಬ್ಬು, ಇಲ್ಲವೇ ಮೂಗುತಿ. ದೇವಿಮಹಾತ್ಮೆಯಲ್ಲಿ ಮಹಿಷಾಸುರ ಪ್ರೇಕ್ಷಕರ ಹಿಂದಿನಿಂದ ದೊಂದಿ ಹಿಡಿದು ಬರುವಾಗ ಮಾತ್ರ ತಲೆ ಕೆಡುತ್ತದೆ. ಬೆಂಕಿ, ರಾಳದ ಹೊಗೆ, ಕತ್ತಲು, ಮೇಲಿಂದ ಎದ್ದು ನಿಂತ ಜನ. ಅಲ್ಲಿ ಸರ್ವೋಗೆ ಹಾಕಿ ಕೊಂಬಿನ ಬುಡದ ಮೇಲೆ ಪಾಯಿಂಟ್ ಇಟ್ಟು ಹತ್ತು ತೆಗೆದರೆ ಎರಡು ಸಿಕ್ಕರೂ ಅದೃಷ್ಟ.

ಒಂದು ವಿಷಯದಲ್ಲಿ ನಾವು ಸ್ವಲ್ಪ ಜೋರಾಗಿಯೇ ಹೇಳ್ತೇವೆ. ಕತ್ತಲಲ್ಲಿ ಫೋಕಸ್‌ಗೆ ಸಹಾಯ ಅಂತ ನಿಕಾನ್‌ನ ಮುಂದೆ ಒಂದು ಪುಟ್ಟ ದೀಪ ಹೊತ್ತುತ್ತದೆ. ಕ್ಯಾನನ್‌ನ ಸಣ್ಣ ಮಾಡೆಲ್‌ಗಳಲ್ಲಿ ಫ್ಲ್ಯಾಶ್ ಎದ್ದಿದ್ದರೆ ಅದೇ ಟಕಟಕ ಅಂತ ಮಿಟುಕುತ್ತದೆ. ತೆಗೆಯುವವರಿಗೆ ಅದು ಕಾಣುವುದೇ ಇಲ್ಲ, ವ್ಯೂಫೈಂಡರ್‌ನಲ್ಲಿ ಕಣ್ಣಿರುತ್ತದೆ. ಆದರೆ ಎದುರು ಇರುವವರ ಕಣ್ಣಿಗೆ ನೇರ ಹೊಡೆಯುತ್ತದೆ. ಧಿಗಿಣ ಹಾಕುತ್ತಿರುವ ಕಲಾವಿದನಿಗೆ ಒಂದು ಕ್ಷಣ ಕಣ್ಣು ಕತ್ತಲಾದರೆ ಪೆಟ್ಟು ಬೀಳುವುದು ಅವನಿಗೆ, ನಮಗಲ್ಲ. ನೇಮ, ಕೋಲದಲ್ಲಂತೂ ಈ ದೀಪವನ್ನೂ ಪೀಂ ಪೀಂ ಸದ್ದನ್ನೂ ಇಟ್ಟುಕೊಂಡು ಹೋಗಲೇಬಾರದು. ಫೋಟೋ ಬೇಡ ಅಂತ ಹೇಳಿದ ಕಡೆ ಕ್ಯಾಮೆರಾ ಬ್ಯಾಗಿನಿಂದ ತೆಗೆಯಲೂಬಾರದು. ಎರಡನ್ನೂ ಮೆನುವಿನಲ್ಲಿ ಆಫ್ ಮಾಡಲು ಅರ್ಧ ನಿಮಿಷ ಸಾಕು. ನಿಕಾನ್‌ನಲ್ಲಿ ಎಎಫ್‌ಸಿಗೆ ಹಾಕಿದರೆ ಆ ದೀಪ ಹೊತ್ತುವುದೂ ಇಲ್ಲ. ಅಷ್ಟು ಗೊತ್ತಿಲ್ಲದವರು ಎದುರಿನ ಸಾಲಿಗೆ ಬರಬಾರದು ಅಂತ ನಿಯಮ ಮಾಡಿದರೂ ನಮಗೆ ಒಪ್ಪಿಗೆ.

"ಈಗ ಮಿರರ್‌ಲೆಸ್ ಬಂದಿದೆ, ಕಣ್ಣನ್ನೇ ಹುಡುಕಿ ಹಿಡಿಯುತ್ತದೆ, ಇದೆಲ್ಲ ಯಾಕೆ ಕಲಿಯಬೇಕು" ಅಂತ ಸೀನಿಯರ್ ಒಬ್ಬರು ಕೇಳಿದರು. ಪ್ರಶ್ನೆ ಸರಿಯಾದದ್ದೇ. 1985ರಲ್ಲಿ ಮಿನೋಲ್ಟಾ 7000 ಬಂದಾಗಲೂ ಕೈಯಲ್ಲಿ ರಿಂಗ್ ತಿರುಗಿಸುತ್ತಿದ್ದವರಿಗೆ ಹೀಗೇ ಹೇಳಿರಬಹುದು. ಕಣ್ಣು ಹುಡುಕುವ ಕ್ಯಾಮೆರಾ ಬಹಳ ಒಳ್ಳೆಯದು, ಸಿಕ್ಕಿದರೆ ನಾವೂ ಬಿಡುವುದಿಲ್ಲ. ಆದರೆ ರಂಗದ ಮೇಲೆ ಐದು ಮುಖ ಇದ್ದಾಗ ಯಾರ ಕಣ್ಣು? ಕುಣಿಯುವ ಅಭಿಮನ್ಯುವಿನದ್ದೋ, ಹಿಂದೆ ಜಾಗಟೆ ಹಿಡಿದ ಭಾಗವತರದ್ದೋ, ಬೆವರು ಒರೆಸಲೂ ಪುರುಸೊತ್ತಿಲ್ಲದ ಚೆಂಡೆಯವರದ್ದೋ? ಕ್ಯಾಮೆರಾ ಮುಖ ಯಾವುದು ಅಂತ ಹೇಳುತ್ತದೆ. ಈ ಪದ್ಯಕ್ಕೆ ಚೆಂಡೆಯವರೇ ಮುಖ್ಯ ಅಂತ ಹೇಳಬೇಕಾದರೆ ಪದ್ಯ ಗೊತ್ತಿರಬೇಕು. ಮತ್ತೆ ದುಡ್ಡಿನ ಮಾತು. ಅಜೆಕಾರಿನಿಂದ ಬಸ್ ಹಿಡಿದು ಕಾಲೇಜಿಗೆ ಬರುವ ನಮ್ಮಲ್ಲಿ ಹೆಚ್ಚಿನವರ ಕೈಯಲ್ಲಿರುವುದು ಅಣ್ಣನದ್ದೋ ಮಾವನದ್ದೋ ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್. ಒಂಬತ್ತು ಪಾಯಿಂಟಿನಲ್ಲಿ ಸರಿಯಾದ ಒಂದನ್ನು ಆರಿಸಲು ಖರ್ಚು ಏನೂ ಇಲ್ಲ.

ನಾವು ಇಂಗ್ಲಿಷ್ ಮೀಡಿಯಂನಲ್ಲಿ ಕಲಿತವರು. ಫೋಕಸ್ ಅನ್ನುವುದಕ್ಕೆ ಕನ್ನಡದಲ್ಲಿ ಏನಂತಾರೆ ಅಂತ ಮೊನ್ನೆವರೆಗೆ ಗೊತ್ತಿರಲಿಲ್ಲ. ಹತ್ತನೆಯ ತನಕ ಕನ್ನಡ ಮಾಧ್ಯಮದಲ್ಲಿ ಓದಿದ ಗೆಳೆಯ ಹೇಳಿದ: ವಿಜ್ಞಾನದ ಪುಸ್ತಕದಲ್ಲಿ ಪ್ರಧಾನ ಸಂಗಮ, ಸಂಗಮದೂರ ಅಂತ ಉಂಟು. ಕಿರಣಗಳು ಬಂದು ಸೇರುವ ಜಾಗ. ಇಂಗ್ಲಿಷ್‌ನವರ ಶಬ್ದಕ್ಕೆ ಲ್ಯಾಟಿನ್‌ನಲ್ಲಿ ಒಲೆ ಅಂತ ಅರ್ಥವಂತೆ, ಮನೆಯವರೆಲ್ಲ ಬಂದು ಸೇರುವ ಜಾಗ. ಎರಡೂ ಚಂದವೇ. ಆದರೆ ಈ ಗೆಳೆಯನಿಗೆ ಕ್ಯಾಮೆರಾ ಮೆನು ಅರ್ಥ ಮಾಡಿಸಲು ನಮಗೆ ಒಂದು ವಾರ ಬೇಕಾಯಿತು. ಲೆನ್ಸಿನ ಲೆಕ್ಕದಲ್ಲಿ ಅವನು ನಮಗಿಂತ ಮುಂದೆ, ಆದರೆ ಮೆನು, ಮ್ಯಾನ್ಯುವಲ್, ವಿಡಿಯೋ ಎಲ್ಲ ಇಂಗ್ಲಿಷ್‌ನಲ್ಲೇ. ಕನ್ನಡ ಸಂಘ ಅಂತ ಇರುವುದು ನವೆಂಬರ್ ತಿಂಗಳಿಗೆ ಮಾತ್ರ ಅಲ್ಲ ಅಂತಾದರೆ, ಮೊದಲ ವರ್ಷದವರಿಗೆ ನಾಲ್ಕು ಪುಟದ ಒಂದು ಕೈಪಿಡಿಯನ್ನು ನಾವೇ ಬರೆಯಬಹುದು. ಹಕ್ಕಿ, ಫುಟ್‌ಬಾಲ್ ಬಿಟ್ಟು ಕಂಬಳ, ಆಟ, ಅತ್ತೂರಿನ ಸಾಂತ್‌ಮಾರಿ ಜಾತ್ರೆಯ ಉದಾಹರಣೆ ಇಟ್ಟು.

ಕಾಲೇಜಿನ ಫೋಟೋ ಸ್ಪರ್ಧೆ ನಡೆಸುವವರಿಗೂ ಒಂದು ಕೋರಿಕೆ. ಫೋಟೋದ ಜೊತೆ ಐಎಸ್‌ಒ, ಶಟರ್ ಬರೆಯಿರಿ ಅಂತ ಕೇಳ್ತೀರಿ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿ: ಫೋಕಸ್ ಯಾರ ಮೇಲೆ ಇಟ್ಟಿರಿ, ಯಾಕೆ? ಉತ್ತರ ಓದಿ ಮತ್ತೆ ಫೋಟೋ ನೋಡಿ ಮಾರ್ಕ್ ಕೊಡಿ.

ಮೇಳಗಳು ಪತ್ತನಾಜೆಗೆ ಗೆಜ್ಜೆ ಬಿಚ್ಚಿದರೆ ಮತ್ತೆ ಹೊರಡುವುದು ನವೆಂಬರ್ ಹೊತ್ತಿಗೆ, ಕಂಬಳದ ಕರೆಗೆ ನೀರು ಬರುವುದೂ ಹೆಚ್ಚುಕಡಿಮೆ ಆಗಲೇ. ಅಲ್ಲಿವರೆಗೆ ಅಭ್ಯಾಸಕ್ಕೆ ಬಸ್‌ಸ್ಟ್ಯಾಂಡ್ ಸಾಕು. ಹೆಬ್ರಿ ಕಡೆಯ ಬಸ್ ತಿರುವಿನಲ್ಲಿ ಕಂಡ ಕೂಡಲೇ ಸರ್ವೋಗೆ ಹಾಕಿ, ಒಂದೇ ಪಾಯಿಂಟನ್ನು ಡ್ರೈವರ್‌ನ ಮುಖದ ಮೇಲೆ ಇಟ್ಟು, ಬಸ್ ನಿಲ್ಲುವವರೆಗೆ ಬಿಡದೆ ಹಿಡಿಯಿರಿ. ವೈಪರ್ ಮೇಲೆ ಹೋಗ್ತದಾ ಅಂತ ನೋಡಿ. ಹೋದರೆ ಮುಂದಿನ ಬಸ್ ಇಪ್ಪತ್ತು ನಿಮಿಷಕ್ಕೆ ಉಂಟು.