ಹೆಸರು ಕೇಳಿ ಸೇರಿಸಬೇಡಿ, ಪಾಠಪಟ್ಟಿ ನೋಡಿ ಸೇರಿಸಿ

ಕೈವಾರದ ಸಹೋದರಿಯೊಬ್ಬರ ಪತ್ರ ನಮ್ಮ ಮುಂದಿದೆ. ರೇಷ್ಮೆ ಬೆಳೆಯುವ ಕುಟುಂಬ. ಮಗಳು ಪಿ.ಯು.ಸಿ. ವಿಜ್ಞಾನದಲ್ಲಿ ತೇರ್ಗಡೆಯಾಗಿದ್ದಾಳೆ, ನೀಟ್ ಪರೀಕ್ಷೆಯಲ್ಲಿ ವೈದ್ಯಕೀಯ ಸೀಟು ಒದಗಲಿಲ್ಲ. ಶರೀರಕ್ರಿಯಾಶಾಸ್ತ್ರ ಓದುವೆನೆಂದು ಅವಳ ಹಟ. ಬಂಧುಗಳು ಅದನ್ನೇ ಫಿಸಿಯೋಥೆರಪಿ ಎಂದು ತಿಳಿದು, ಶುಲ್ಕ ಕಟ್ಟಲು ಅವಸರಪಡಿಸುತ್ತಿದ್ದಾರೆ.

ಸಹೋದರಿ, ಇವೆರಡೂ ಬೇರೆ. ಫಿಸಿಯೋಥೆರಪಿ ರೋಗಿಯ ಕೈಕಾಲಿಗೆ ಚಲನೆ ಮರಳಿಸುವ ವೃತ್ತಿ. ಶರೀರಕ್ರಿಯಾಶಾಸ್ತ್ರವಾದರೋ ಹೃದಯ, ನರ, ಮೂತ್ರಪಿಂಡಗಳು ಹೇಗೆ ಕೆಲಸ ಮಾಡುತ್ತವೆಂದು ಅರಿಯುವ ವಿಜ್ಞಾನ. ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1900ರಲ್ಲೇ ಇದಕ್ಕೆ ಪ್ರತ್ಯೇಕ ವಿಭಾಗ ಆರಂಭವಾಯಿತು. ನಮ್ಮ ಕಡೆಯ ಬಿ.ಎಸ್ಸಿ. ತರಗತಿಗಳಲ್ಲಿ ಇದು ಸಾಮಾನ್ಯವಾಗಿ ಪ್ರಾಣಿಶಾಸ್ತ್ರದ ಒಂದು ಭಾಗವಾಗಿ ಬರುತ್ತದೆ.

ಆದ್ದರಿಂದ ಓದನ್ನು ನಾವೇ ಜೋಡಿಸಿಕೊಳ್ಳಬೇಕು. ನಾಲ್ಕು ವರ್ಷಗಳ ಪದ್ಧತಿಯನ್ನು ಕೈಬಿಟ್ಟು, 2024-25ರಿಂದ ರಾಜ್ಯದಲ್ಲಿ ಮತ್ತೆ ಮೂರು ವರ್ಷಗಳ ಪದವಿ ಬಂದಿದೆ. ಪ್ರಾಣಿಶಾಸ್ತ್ರದೊಡನೆ ರಸಾಯನಶಾಸ್ತ್ರವಿರಲಿ, ದೊರೆತರೆ ಜೀವರಸಾಯನಶಾಸ್ತ್ರವೂ ಇರಲಿ. ಭೌತಶಾಸ್ತ್ರವನ್ನು ಮರೆಯದಿರಲಿ: ರಕ್ತದ ಒತ್ತಡ, ನರದ ವಿದ್ಯುತ್ತು ಅದಿಲ್ಲದೆ ಅರ್ಥವಾಗವು. ಕೊನೆಯ ವರ್ಷ ಪ್ರಯೋಗಾಲಯದ ಕೆಲಸಕ್ಕೆ ಮೀಸಲಾಗಲಿ. ಮುಂದೆ ವೈದ್ಯಕೀಯ ಕಾಲೇಜುಗಳಲ್ಲಿ ಮೂರು ವರ್ಷಗಳ ಎಂ.ಎಸ್ಸಿ. ಇದೆ; ಅದರ ಪ್ರವೇಶಕ್ಕೆ ಯಾವ ವಿಷಯಗಳು ಬೇಕೆಂಬುದನ್ನು ಈಗಲೇ ಬರಹದಲ್ಲಿ ಕೇಳಿ ಪಡೆಯಿರಿ.

ಒಂದು ಮಾತನ್ನು ಮುಚ್ಚಿಡಬಾರದು. ಈ ಓದಿನಿಂದ ಮಗಳು ವೈದ್ಯಳಾಗುವುದಿಲ್ಲ. ವೈದ್ಯಕೀಯ ಕಾಲೇಜುಗಳಲ್ಲಿ ವೈದ್ಯರಲ್ಲದ ಬೋಧಕರ ನೇಮಕದ ನಿಯಮ 2020ರಲ್ಲಿ ಬಿಗಿಯಾಗಿ, 2025ರಲ್ಲಿ ಸಡಿಲವಾಯಿತು. ಅಧ್ಯಾಪಕಿಯಾಗಬೇಕಾದರೆ ಪಿಎಚ್.ಡಿ.ಯವರೆಗೆ ನಡೆಯುವ ತಾಳ್ಮೆ ಬೇಕು. ಬೇಗನೆ ಸಂಪಾದನೆಯೇ ಮನೆಯ ಅಗತ್ಯವಾದರೆ ಫಿಸಿಯೋಥೆರಪಿಯೂ ಗೌರವದ ದಾರಿಯೇ. ಆದರೆ ಅದನ್ನು ತಿಳಿದು ಆರಿಸಿರಿ.

ಆಸಕ್ತಿ ನಿಜವೋ ಎಂದು ಪರೀಕ್ಷಿಸಲು ದೂರ ಹೋಗಬೇಕಿಲ್ಲ. ನಿಮ್ಮ ಮನೆಯ ಹುಳು ನಾಲ್ಕು ಜ್ವರ ಕಳೆದು, ಹಣ್ಣಾಗಿ ಚಂದ್ರಿಕೆ ಏರುತ್ತದೆ. ಜ್ವರದ ಹೊತ್ತಿನಲ್ಲಿ ಅದು ಸೊಪ್ಪು ಬಿಡುವುದೇಕೆ, ತಿಂದ ಸೊಪ್ಪು ನೂಲಾಗುವುದು ಹೇಗೆ ಎಂದು ಮಗಳನ್ನು ಕೇಳಿ. ಉತ್ತರ ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ. ಹುಡುಕಲು ಪುಸ್ತಕ ತೆರೆದಳೆಂದರೆ ಅವಳ ಹಟಕ್ಕೆ ಅರ್ಥವಿದೆ. ಅನಂತರ ತಾಯಿ ಮಗಳು ಇಬ್ಬರೂ ಕಾಲೇಜಿಗೆ ಹೋಗಿ, ಪಾಠಪಟ್ಟಿಯನ್ನು ಮುಂದಿಟ್ಟುಕೊಂಡು ಅಧ್ಯಾಪಕರೊಡನೆ ಮಾತನಾಡಿರಿ. ಶುಲ್ಕ ಕಟ್ಟುವುದು ಆಮೇಲಿನ ಮಾತು.