ಬಿರುಗಾಳಿಗೆ ಮುನ್ನ ಒಂದು ಜೋಗುಳ

ಬೇಸಗೆಯ ಮಾತು ಬಂದಾಗಲೆಲ್ಲ ಪಶ್ಚಿಮದ ಜೋಗುಳವೊಂದು ನನ್ನ ನೆನಪಿಗೆ ಬರುತ್ತದೆ. ‘ಸಮ್ಮರ್‌ಟೈಮ್’, ಎಂದರೆ ‘ಬೇಸಗೆಯ ಕಾಲ’, ಎಂಬುದು ಅದರ ಹೆಸರು. ಜಾಸ್ ಸಂಗೀತದ ಅಭಿಮಾನಿಗಳಲ್ಲಿ ಇದನ್ನು ಕೇಳದವರು ವಿರಳ. 1936ರಲ್ಲಿ ಬಿಲ್ಲಿ ಹಾಲಿಡೇ ಇದನ್ನು ಧ್ವನಿಮುದ್ರಿಸಿದರು. 1957ರಲ್ಲಿ ಎಲ್ಲಾ ಫಿಟ್ಜ್‌ಜೆರಾಲ್ಡ್ ಮತ್ತು ಲೂಯಿ ಆರ್ಮ್‌ಸ್ಟ್ರಾಂಗ್ ಜೊತೆಯಾಗಿ ಹಾಡಿದರು. ಮರುವರ್ಷ ಮೈಲ್ಸ್ ಡೇವಿಸ್ ಮಾತಿನ ಹಂಗಿಲ್ಲದೆ ಟ್ರಂಪೆಟ್ಟಿನಲ್ಲಿಯೇ ನುಡಿಸಿದರು.

ಬೇಸಗೆಯ ಸಮೃದ್ಧಿಯನ್ನು ಬಣ್ಣಿಸಿ, ಮನೆಗೆ ಯಾವ ಕೊರತೆಯೂ ಇಲ್ಲವೆಂದು ತಾಯಿ ಮಗುವನ್ನು ಸಂತೈಸುವ ಹಾಡು ಇದು. ಆದರೆ ರಾಗವನ್ನು ಆಲಿಸಿದರೆ ಮನಸ್ಸು ಏಕೋ ಭಾರವಾಗುತ್ತದೆ. ಪಾಶ್ಚಾತ್ಯರು ‘ಮೈನರ್’ ಎಂದು ಕರೆಯುವ, ವಿಷಾದದ ನೆರಳುಳ್ಳ ಶ್ರುತಿಯಲ್ಲಿ ಅದನ್ನು ಹೊಸೆಯಲಾಗಿದೆ. ಮಾತು ಸುಖದ್ದು, ಸ್ವರ ದುಃಖದ್ದು. ಇದೇಕೆ ಹೀಗೆ?

ಉತ್ತರಕ್ಕಾಗಿ ಹಾಡು ಹುಟ್ಟಿದ ಗೀತನಾಟಕದತ್ತ ಹೋಗಬೇಕು. ‘ಪೋರ್ಗಿ ಅಂಡ್ ಬೆಸ್’ ಎಂಬ ಆ ಕೃತಿ ಮೊದಲು ರಂಗವೇರಿದ್ದು 1935ರಲ್ಲಿ. ಸಂಗೀತ ಜಾರ್ಜ್ ಗರ್ಶ್ವಿನ್ ಅವರದು, ಈ ಹಾಡಿನ ಸಾಹಿತ್ಯ ಡ್ಯುಬೋಸ್ ಹೇವರ್ಡ್ ಅವರದು. ಅಮೆರಿಕದ ದಕ್ಷಿಣ ಕ್ಯಾರೊಲೈನಾ ರಾಜ್ಯದ ಚಾರ್ಲ್ಸ್‌ಟನ್ ನಗರದ ಕಡಲ ದಂಡೆ. ಅಲ್ಲಿ ಆಫ್ರಿಕನ್ ಮೂಲದ ಬಡವರು ಒಂದೇ ಅಂಗಳವನ್ನು ಹಂಚಿಕೊಂಡು ಬಾಳುವ ವಠಾರ. ತೆರೆ ಸರಿಯುತ್ತಿದ್ದಂತೆ ಕ್ಲಾರಾ ಎಂಬ ಎಳೆಯ ತಾಯಿ ಈ ಜೋಗುಳವನ್ನು ಹಾಡುತ್ತಾಳೆ. ಅದೇ ಅಂಗಳದಲ್ಲಿ ಗಂಡಸರ ಪಗಡೆಯಾಟ ನಡೆದಿದೆ. ಆಟ ಜಗಳವಾಗಿ, ಆ ರಾತ್ರಿಯೇ ರಾಬಿನ್ಸ್ ಎಂಬವನ ಕೊಲೆಯಾಗುತ್ತದೆ. ಅವನ ಮಡದಿ ಸೆರೀನಾ ವಿಧವೆಯಾಗುತ್ತಾಳೆ.

ಕ್ಲಾರಾಳ ಗಂಡ ಜೇಕ್ ಬೆಸ್ತ. ಮಗನನ್ನು ಓದಿಸಬೇಕೆಂಬ ಹಂಬಲದಿಂದ, ಬಿರುಗಾಳಿಯ ತಿಂಗಳೆಂದು ತಿಳಿದಿದ್ದೂ ಅವನು ಕಡಲಿಗಿಳಿಯುತ್ತಾನೆ. ಗಾಳಿ ಎದ್ದು ದೋಣಿ ಮಗುಚುತ್ತದೆ. ಕ್ಲಾರಾ ಕೂಸನ್ನು ಬೆಸ್ ಎಂಬ ಹೆಣ್ಣಿನ ಕೈಗಿತ್ತು ಗಂಡನನ್ನು ಹುಡುಕಲು ಓಡುತ್ತಾಳೆ. ಇಬ್ಬರೂ ಮರಳುವುದಿಲ್ಲ.

ಹಾಗಾದರೆ ತಾಯಿ ಆಡಿದ್ದು ಸುಳ್ಳೇ? ಸಿರಿಯೂ ಇರಲಿಲ್ಲ, ತಂದೆತಾಯಿಗಳ ಕಾವಲೂ ಉಳಿಯಲಿಲ್ಲ. ಬೇಸಗೆಯೂ ಮುಗಿದುಹೋಯಿತು.

ಮುಂದಿನದನ್ನು ನೋಡಿರಿ. ಅನಾಥ ಕೂಸಿಗೆ ಅದೇ ಜೋಗುಳವನ್ನು ಈಗ ಬೆಸ್ ಹಾಡುತ್ತಾಳೆ. ಒಂದು ಕಾಲಕ್ಕೆ ವಠಾರದ ಹೆಂಗಸರು ದೂರವಿಟ್ಟಿದ್ದ ಹೆಣ್ಣು ಅವಳು. ಅವಳೂ ಕೊನೆಯವರೆಗೆ ನಿಲ್ಲಲಿಲ್ಲ. ಆಮಿಷಕ್ಕೆ ಸೋತು ನ್ಯೂಯಾರ್ಕಿಗೆ ಹೊರಟುಹೋದಳು. ಆಗ ಕೂಸು ಸೇರಿದ್ದು ಯಾರ ಮಡಿಲನ್ನು? ಮೊದಲ ರಾತ್ರಿಯೇ ಗಂಡನನ್ನು ಕಳೆದುಕೊಂಡ ಸೆರೀನಾಳ ಮಡಿಲನ್ನು.

ಈ ಮೂರು ಮಡಿಲುಗಳನ್ನು ನೆನೆದಾಗ ನನಗೆ ಒಂದು ಸತ್ಯ ಹೊಳೆಯುತ್ತದೆ. ಜೋಗುಳದಲ್ಲಿ ತಾಯಿ ಲೋಕದ ಸ್ಥಿತಿಯನ್ನು ವರದಿ ಮಾಡುವುದಿಲ್ಲ, ಅಭಯವನ್ನು ಕೊಡುತ್ತಾಳೆ. ತನ್ನಲ್ಲಿಲ್ಲದ ನೆಮ್ಮದಿಯನ್ನೂ ಮಗುವಿಗೆ ಕೊಡಬಲ್ಲ ಶಕ್ತಿ ಪ್ರೀತಿಗೆ ಮಾತ್ರ ಉಂಟು. ಹಾಗೆ ಕೊಟ್ಟ ಮಾತನ್ನು ಒಬ್ಬಳೇ ನಡೆಸಿಕೊಡಲಾರಳು. ಒಬ್ಬಳು ಇಲ್ಲವಾದಾಗ ಇನ್ನೊಬ್ಬಳು, ಅವಳು ಸೋತಾಗ ಮತ್ತೊಬ್ಬಳು ಕೈ ನೀಡಿದರೆ ಮಾತು ಉಳಿಯುತ್ತದೆ. ದೇವರ ಕರುಣೆ ನಮ್ಮನ್ನು ತಲುಪುವ ದಾರಿಯೂ ಬಹುಶಃ ಇದೇ: ದಣಿದ ಕೈಗಳಿಂದ, ಅದೂ ನಾವು ನೆಚ್ಚಿರದ ಕೈಗಳಿಂದ.

ರಷ್ಯದಿಂದ ವಲಸೆ ಬಂದ ಯೆಹೂದಿ ದಂಪತಿಗಳ ಮಗ ಗರ್ಶ್ವಿನ್, 1937ರಲ್ಲಿ, ತಮ್ಮ 38ನೆಯ ವಯಸ್ಸಿನಲ್ಲಿಯೇ ಮೆದುಳಿನ ಗೆಡ್ಡೆಯಿಂದ ತೀರಿಕೊಂಡರು. ಅವರ ಬೇಸಗೆಯೂ ಚಿಕ್ಕದೇ. ಹಾಡು ಮಾತ್ರ ಕೊರಳಿನಿಂದ ಕೊರಳಿಗೆ ಸಾಗಿದೆ.

ವಾಚಕ ಬಂಧುಗಳೇ, ಈ ಬೇಸಗೆಯ ಸಂಜೆ ನಿಮ್ಮ ಜಗಲಿಯಲ್ಲಿ ತಂಗಾಳಿ ಸುಳಿದರೆ ಅದನ್ನು ಸಂತೋಷದಿಂದ ಅನುಭವಿಸಿರಿ. ಅದು ಬಹಳ ಹೊತ್ತು ನಿಲ್ಲದು. ನೆರೆಮನೆಯಲ್ಲಿ ಮಗುವೊಂದು ಅಳುತ್ತಿದ್ದರೆ, ಯಾರ ಮಗುವೆಂದು ಕೇಳುವ ಮೊದಲು ಒಮ್ಮೆ ಎತ್ತಿಕೊಳ್ಳಿರಿ.